ಡಿಕ್ರಿ ಕೊಟ್ರಿ, ದುಡ್ಡು ಯಾರು ಕೊಡಿಸ್ತೀರಿ? ದಾವಣಗೆರೆ ಶಟರ್ ಕೆಲಸದವನ ಬಹಿರಂಗ ಪತ್ರ

ಮಾನ್ಯ ಕಾನೂನು ಮಂತ್ರಿಗಳೇ, ಹೈಕೋರ್ಟಿನ ಗೌರವಾನ್ವಿತ ನ್ಯಾಯಮೂರ್ತಿಗಳೇ, ಜೊತೆಗೆ ಇದನ್ನ ಓದೋ ನಮ್ಮೂರ ಮಂದಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ರೋಲಿಂಗ್ ಶಟರು, ಗ್ರಿಲ್ಲು, ಗೇಟು, ಹೋಟ್ಲು ಅಡಿಗೆಮನೆಗೆ ಬೇಕಾದ ಸ್ಟೀಲ್ ಕೌಂಟರು, ಚಿಮಣಿ ಇಂಥವೆಲ್ಲ ಮಾಡಿಕೊಡೋ ಸಣ್ಣ ವರ್ಕ್‌ಶಾಪ್ ಇಟ್ಕೊಂಡಿರೋನು. ನನ್ನ ಹೆಸ್ರು ಹಾಕಲ್ಲ, ನಂಗೆ ದುಡ್ಡು ಕೊಡಬೇಕಾದವನ ಹೆಸ್ರೂ ಹಾಕಲ್ಲ, ಯಾವ ಕೋರ್ಟು ಅಂತಾನೂ ಬರೆಯಲ್ಲ. ಕೇಸ್ ಇನ್ನೂ ನಡೀತಿದೆ, ಅದೊಂದು. ಇನ್ನೊಂದು, ನನ್ ತಕರಾರು ಕೋರ್ಟಿನ ಪರವಾಗಿ ಜಪ್ತಿಗೆ ಬರೋ ಒಬ್ಬ ಅಮೀನರ ಮೇಲೋ ಒಬ್ಬ ಜಡ್ಜ್ ಸಾಹೇಬ್ರ ಮೇಲೋ ಅಲ್ಲ, ಅವ್ರೆಲ್ಲ ನನ್ ಹತ್ರ ಮರ್ಯಾದೆಯಿಂದಾನೇ ಮಾತಾಡಿದಾರೆ. ಮರ್ಯಾದೆ ಸಿಕ್ತು, ದುಡ್ಡು ಸಿಕ್ಕಿಲ್ಲ ಅಷ್ಟೆ.

2019ರಲ್ಲಿ ಒಬ್ಬ ಹೊಸದಾಗಿ ಹೋಟ್ಲು ಹಾಕ್ತೀನಿ ಅಂತ ಬಂದ. ಬೆಣ್ಣೆದೋಸೆ ಹೋಟ್ಲು, ನಮ್ಮೂರಲ್ಲಿ ಇನ್ನೇನು ಹಾಕ್ತಾರೆ. ಎರಡು ಶಟರು, ಸೌದೆ ಒಲೆ ಮೇಲೆ ಹೊಗೆ ಎಳಿಯೋ ಚಿಮಣಿ, ಕ್ಯಾಶ್ ಕೌಂಟರು, ಮೆಟ್ಟಿಲಿಗೆ ರೇಲಿಂಗ್, ಒಟ್ಟು 3,40,000 ರೂಪಾಯಿ ಕೆಲಸ. ಅಡ್ವಾನ್ಸು, ಆಮೇಲೆ ಹತ್ತು ಹದಿನೈದು ಸಾವಿರದಂಗೆ ಬಿಡಿಬಿಡಿಯಾಗಿ ಎಲ್ಲಾ ಸೇರಿ 1,55,000 ಬಂತು, 1,85,000 ನಿಂತೋಯ್ತು. ಮೊದ್ಲು ಕೊರೊನಾ ಅಂದ, ನಾನೂ ಸುಮ್ನಾದೆ, ಆಗ ಯಾರ ಹತ್ರ ದುಡ್ಡಿತ್ತು ಹೇಳಿ. ಆಮೇಲೆ ಜಾತ್ರೆ ಮುಗೀಲಿ ಅಣ್ಣಾ ಅಂದ. ಆಮೇಲೆ ಊರಲ್ಲಿ ಮೆಕ್ಕೆಜೋಳ ಮಾರಿ ಕೊಡ್ತೀನಿ ಅಂದ. ಆಮೇಲೆ ಫೋನ್ ಎತ್ತೋದೇ ಬಿಟ್ಟ. ಬಾಕಿ ವಸೂಲಿಗೆ ದಾವೆ ಹಾಕಾಕೆ 3 ವರ್ಷ ಅಷ್ಟೇ ಟೈಮು, ಕಾಯ್ತಾ ಕೂತ್ರೆ ಅದೂ ಹೋಗುತ್ತೆ ಅಂತ ವಕೀಲ್ರು ಹೆದರಿಸಿದ ಮೇಲೆ 2021ರಲ್ಲಿ ಹಾಕಿದೆ.

2023ರಲ್ಲಿ ಡಿಕ್ರಿ ಆಯ್ತು, ಅಂದ್ರೆ ಅವನು ನಂಗೆ ದುಡ್ಡು ಕೊಡಬೇಕು ಅಂತ ಕೋರ್ಟಿನ ತೀರ್ಪು. ಅಸಲು 1,85,000, ಅದರ ಮೇಲೆ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ, ಜೊತೆಗೆ ಕೋರ್ಟು ಖರ್ಚು. ಅವತ್ತು ಮನೆಗೆ ಹೋಗ್ತಾ ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡು ಹೋದೆ. ನಮ್ಮನೆಯವ್ಳು ದುಡ್ಡು ಬಂತಾ ಅಂದ್ಲು, ಇಲ್ಲ ಡಿಕ್ರಿ ಬಂತು ಅಂದೆ, ಅದನ್ನ ಬ್ಯಾಂಕಲ್ಲಿ ತಗೋತಾರಾ ಅಂದ್ಲು. ನಾನು ನಕ್ಕೆ. ಈಗ ಆ ಮಾತು ನೆನೆಸ್ಕೊಂಡ್ರೆ ನಗು ಬರಲ್ಲ.

ಈ 6 ಪರ್ಸೆಂಟ್ ಬಗ್ಗೆ ಒಂದು ಮಾತು ಹೇಳ್ಬೇಕು. ಆ 1,85,000 ಬರ್ಲಿಲ್ಲ ಅಂತ ನಾನು ಶೀಟು, ಪಟ್ಟಿ ತರಾಕೆ ಕೈಸಾಲ ಮಾಡಿದ್ದು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಲೆಕ್ಕದಲ್ಲಿ. ಅಂದ್ರೆ ವರ್ಷಕ್ಕೆ 24. ಅವನು ನನ್ನ ದುಡ್ಡನ್ನ 6ಕ್ಕೆ ಇಟ್ಕೊಂಡಿದಾನೆ, ನಾನು ಹೊರಗಿಂದ 24ಕ್ಕೆ ತಂದಿದೀನಿ. ಇಂಥ ಅಗ್ಗದ ಸಾಲ ಯಾವ ಬ್ಯಾಂಕೂ ಅವನಿಗೆ ಕೊಡ್ತಿರಲಿಲ್ಲ, ಬೇಗ ತೀರಿಸಾಕೆ ಅವನಿಗೇನು ಹುಚ್ಚಾ?

ಡಿಕ್ರಿ ಆದ್ಮೇಲೆ ಕೋರ್ಟೇ ದುಡ್ಡು ವಸೂಲಿ ಮಾಡಿ ಕೊಡುತ್ತೆ ಅಂತ ನಾನು ತಿಳ್ಕೊಂಡಿದ್ದೆ. ಬಹಳ ಜನ ಹಂಗೇ ತಿಳ್ಕೊಂಡಿದಾರೆ. ಇಲ್ಲ ಸ್ವಾಮಿ. ಅದಕ್ಕೆ ಮತ್ತೊಂದು ಕೇಸು, ಅಮಲ್ಜಾರಿ ಅರ್ಜಿ, ಕೋರ್ಟಲ್ಲಿ ಇ.ಪಿ. ಅಂತಾರೆ. ಗೆದ್ದೋನು ಡಿಕ್ರಿದಾರ, ಸೋತೋನು ಜೆ.ಡಿ.ಆರ್. ಮತ್ತೆ ವಕಾಲತ್ತು, ಮತ್ತೆ ಪಿ.ಎಫ್. ಕಟ್ಟಬೇಕು. ಪಿ.ಎಫ್. ಅಂದ್ರೆ ಪ್ರೋಸೆಸ್ ಫೀ ಅಂತೆ, ನಾನು ಕೂಲಿಯವರ ಪ್ರಾವಿಡೆಂಟ್ ಫಂಡ್ ಕೇಳ್ತಿದಾರೆ ಅಂತ ಗಾಬರಿ ಆಗಿದ್ದೆ.

ಆಮೇಲೆ ಬಂತು ನೋಡಿ ದೊಡ್ಡ ಪ್ರಶ್ನೆ. ಅವನ ಹತ್ರ ಏನೇನು ಆಸ್ತಿ ಇದೆ ಪಟ್ಟಿ ಕೊಡಿ ಅಂದ್ರು. ಯಾರು ಕೊಡಬೇಕು, ನಾನು! ಅವನ ಗಾಡಿ ನಂಬರ್ ನಾನು ಹುಡುಕ್ಬೇಕು, ಅವನ ಬ್ಯಾಂಕ್ ಯಾವ್ದು ಅಂತ ನಾನು ಪತ್ತೆ ಮಾಡ್ಬೇಕು, ಜಮೀನಿನ ಪಹಣಿ ನಾನು ತೆಗೆಸ್ಬೇಕು, ಮನೆ ಮೇಲೆ ಸಾಲ ಇದೆಯಾ ಅಂತ ಇ.ಸಿ. ನಾನು ಕೀಳ್ಬೇಕು. ವೆಲ್ಡಿಂಗ್ ಬಿಟ್ಟು ಪತ್ತೇದಾರಿ ಕೆಲಸ ಶುರು ಮಾಡಿದೆ. ಪಹಣಿ ಸಿಕ್ತು, ಜಗಳೂರು ಕಡೆ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಖಾತೆ, ಭಾಗ ಆಗಿಲ್ಲ. ಅವನ ಪಾಲನ್ನ ಜಪ್ತಿ ಮಾಡಬಹುದು, ಆದ್ರೆ ಹರಾಜಲ್ಲಿ ಅದನ್ನ ಕೊಂಡೋನು ಆಮೇಲೆ ಭಾಗಕ್ಕೆ ದಾವೆ ಹಾಕ್ಬೇಕು, ಅಂಥ ಜಮೀನಿಗೆ ಯಾರು ಕೂಗ್ತಾರೆ ಅಂತ ವಕೀಲ್ರು ಕೈ ಆಡಿಸಿದ್ರು. ಕಾರು ಹೆಂಡ್ತಿ ಹೆಸರಲ್ಲಿ. ಮನೆ ಬಾಡಿಗೇದು.

ಬ್ಯಾಂಕ್ ಖಾತೆ ಪತ್ತೆ ಆದ ಕಥೆ ಕೇಳಿ. ಅವನ ಹೋಟ್ಲಿಗೇ ಹೋಗಿ ಒಂದು ಖಾಲಿ ದೋಸೆ ತಿಂದೆ, ಕ್ಯೂಆರ್ ಸ್ಕ್ಯಾನ್ ಮಾಡಿದೆ, ಅವನ ಹೆಸರೇ ಬಂತು. ನಂಗೆ ಕೊಡಬೇಕಾದವನಿಗೆ ನಾನೇ ದೋಸೆ ದುಡ್ಡು ಕೊಟ್ಟು ಆ ರಸೀದಿ ಸ್ಕ್ರೀನ್‌ಶಾಟ್ ವಕೀಲ್ರಿಗೆ ಕಳಿಸಿದೆ. ಹಾಗೂ ಹೀಗೂ ಬ್ಯಾಂಕು, ಶಾಖೆ ಗೊತ್ತಾಯ್ತು, ಖಾತೆ ಜಪ್ತಿಗೆ ಅರ್ಜಿ ಹಾಕಿದ್ವಿ. ಕೋರ್ಟಿಂದ ಮೊದ್ಲು ಅವನಿಗೆ ನೋಟಿಸ್ ಹೋಯ್ತು. ನೋಟಿಸ್ ಹೋಯ್ತು ಅಂದ್ರೆ ಕಳ್ಳನಿಗೆ ಡಂಗುರ ಹೊಡೆದಂಗೆ. ಬ್ಯಾಂಕಿಗೆ ಆದೇಶ ಮುಟ್ಟೋ ಹೊತ್ತಿಗೆ ಖಾತೆಯಲ್ಲಿ ಉಳಿದಿದ್ದು 412 ರೂಪಾಯಿ. ಮತ್ತೊಂದಿನ ಹೋಗಿ ಸ್ಕ್ಯಾನ್ ಮಾಡಿದ್ರೆ ಅವನ ಭಾಮೈದನ ಹೆಸರು ಬರ್ತಿದೆ. ಆ ದಿನ ದೋಸೆ ತಿನ್ನಲಿಲ್ಲ, ಟೀ ಅಷ್ಟೇ ಕುಡಿದೆ.

ಇಲ್ಲಿ ನಾನು ನಿಮ್ಮನ್ನ ಕೇಳೋದು ಇದು. ಡಿಕ್ರಿ ಆಗಿ ಎರಡು ವರ್ಷದೊಳಗೆ ಅಮಲ್ಜಾರಿ ಹಾಕಿದ್ರೆ ಮೊದಲೇ ನೋಟಿಸ್ ಕೊಡಲೇಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲ, ಆದೇಶ 21ರ ನಿಯಮ 22 ಓದಿಸಿ ಕೇಳಿದೀನಿ. ಅರೆಸ್ಟ್ ಮಾಡಬೇಕಂದ್ರೆ ಮೊದ್ಲು ಕಾರಣ ಕೇಳಿ ನೋಟಿಸ್ ಕೊಡ್ತಾರೆ, ಅದು ಸರಿ, ಮನುಷ್ಯನ ಸ್ವಾತಂತ್ರ್ಯದ ವಿಷ್ಯ. ಆದ್ರೆ ಬ್ಯಾಂಕ್ ಖಾತೆಗೂ ಫ್ರಿಜ್ಜಿಗೂ ಯಾಕೆ? ರೂಢಿ ಅಂತಾರೆ. ಕಾನೂನು ಕೇಳದೇ ಇರೋದನ್ನ ರೂಢಿ ಕೇಳ್ತಿದೆ, ಆ ರೂಢಿಯಿಂದ ಬದುಕ್ತಿರೋನು ದುಡ್ಡು ಕೊಡದೇ ಇರೋನು.

ಈಗ ಅಮೀನರ ವಿಷ್ಯಕ್ಕೆ ಬರ್ತೀನಿ. ಚರಾಸ್ತಿ ಜಪ್ತಿ ವಾರಂಟ್ ಆಯ್ತು. ನಮ್ಮ ಅಮೀನ್ ಸಾಹೇಬ್ರಿಗೆ ಆಫೀಸಿನ ಗಾಡಿ ಇಲ್ಲ, ನನ್ನ ಬೈಕ್ ಹಿಂದೆ ಕೂರಿಸ್ಕೊಂಡು ಹೋದೆ, ಸಾಮಾನು ಹಾಕ್ಕೊಂಡು ಬರಾಕೆ ಹಿಂದೆ ಬಾಡಿಗೆ ಟಾಟಾ ಏಸು, ಅದೂ ನನ್ ದುಡ್ಡೇ. ಪಂಚರಾಗಿ ಸಹಿ ಹಾಕಾಕೆ ಇಬ್ರನ್ನ ಕರ್ಕೊಂಡ್ ಬರೋದೂ ನನ್ ತಲೆಗೇ. ಹೋದ್ರೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬೆಣ್ಣೆದೋಸೆ ಹೋಟ್ಲು ಬಾಗಿಲು ಹಾಕಿದೆ! ಅಕ್ಕಪಕ್ಕದ ಅಂಗಡಿಯವ್ರು ಈಗ ಅರ್ಧ ತಾಸಿನ ಹಿಂದೆ ದೋಸೆ ಹಾಕ್ತಿದ್ರು ಅಂತಾರೆ, ಒಲೆ ಬಿಸಿ ಇನ್ನೂ ಆರಿರಲ್ಲ, ಚಿಮಣಿಯಿಂದ ಸಣ್ಣಗೆ ಹೊಗೆ ಬರ್ತಿದೆ, ಆ ಚಿಮಣಿ ಮಾಡಿದ್ದೂ ನಾನೇ. ಮುಂದೆ ನನ್ನ ಶಟರು. 18 ಗೇಜಿನ ಶೀಟು, ಮಧ್ಯದಲ್ಲಿ ಲಾಕು, ಎರಡೂ ಕಡೆ ಕೊಂಡಿ. ನಾನೇ ಮಾಡಿ, ನಾನೇ ಕೂರಿಸಿ, ಅದಕ್ಕೆ ದುಡ್ಡು ಸಿಗದೇ, ಅದೇ ಶಟರ್ ಮುಂದೆ ನಾನೇ ನಿಂತಿದೀನಿ, ಒಳಗೆ ಹೋಗಂಗಿಲ್ಲ. ಅಷ್ಟು ಗಟ್ಟಿಯಾಗಿ ಮಾಡಬಾರದಿತ್ತು ಅಂತ ಜೀವನದಲ್ಲಿ ಮೊದಲನೇ ಸಲ ಅನ್ಸಿದ್ದು ಅವತ್ತೇ.

ಅಮೀನರು ಪಾಪ ಒಳ್ಳೇ ಮನುಷ್ಯ. ಬೀಗ ಒಡಿಯಾಕೆ ವಾರಂಟಲ್ಲಿ ಆರ್ಡರ್ ಇಲ್ಲ ಯಜಮಾನ್ರೆ, ಪೊಲೀಸ್ರೂ ಜೊತೆಗಿಲ್ಲ, ನಾನು ಮುಟ್ಟಿದ್ರೆ ನನ್ ನೌಕರಿಗೆ ಬರುತ್ತೆ ಅಂದ್ರು. ‘ಬಾಗಿಲು ಬೀಗ ಹಾಕಿದೆ’ ಅಂತ ಷರಾ ಬರೆದ್ರು, ವಾರಂಟ್ ವಾಪಸ್ ಹೋಯ್ತು. ವಾಸದ ಮನೆ ವಿಷ್ಯದಲ್ಲಿ ಕಾನೂನು ಚೆನ್ನಾಗೇ ಇದೆ, ಅದೇ ಸಂಹಿತೆಯ ಸೆಕ್ಷನ್ 62, ಸೂರ್ಯ ಮುಳುಗಿದ ಮೇಲೆ ಹುಟ್ಟೋದರೊಳಗೆ ಜಪ್ತಿಗೆ ಅಂತ ಮನೆ ಒಳಗೆ ಕಾಲಿಡಂಗಿಲ್ಲ, ಮನೆ ಸಾಲಗಾರನ ವಶದಲ್ಲಿದ್ದು ಅವನು ಅಡ್ಡ ಬಂದ್ರೆ ಮಾತ್ರ ಹೊರಬಾಗಿಲು ಒಡೀಬಹುದು. ಹೆಂಗಸರು ಮಕ್ಕಳು ಇರೋ ಜಾಗ, ಇರಬೇಕು ಅದು. ಆದ್ರೆ ಇದು ಹೋಟ್ಲು ಸ್ವಾಮಿ. ಬೀಗ ತೆಗೆಯೋ ಆರ್ಡರಿಗೆ ಒಂದು ಅರ್ಜಿ, ಪೊಲೀಸ್ ಬಂದೋಬಸ್ತಿಗೆ ಇನ್ನೊಂದು ಅರ್ಜಿ, ಒಂದೊಂದಕ್ಕೂ ಬೇರೆ ಬೇರೆ ತಾರೀಕು. ಇ-ಕೋರ್ಟ್ಸ್ ಆ್ಯಪಲ್ಲಿ ನನ್ ಕೇಸಿನ ಮುಂದೆ ತಿಂಗಳುಗಟ್ಲೆ ‘ಅವೇಟ್ ವಾರಂಟ್’, ಅಂದ್ರೆ ವಾರಂಟಿಗೆ ಕಾಯ್ತಿದೆ ಅಂತಾನೇ ಇತ್ತು.

ಎರಡನೇ ಸಲ ಹೋಟ್ಲು ತೆಗೆದಿತ್ತು. ಕ್ಯಾಶಲ್ಲಿ ಭಾಮೈದ ಕೂತಿದ್ದ. ಅಮೀನರು ಗ್ರೈಂಡರು, ಫ್ರಿಜ್ಜು, ಹನ್ನೆರಡು ಟೇಬಲ್ಲು ಅಂತ ಬರ್ಕೊಂತಿದ್ದಂಗೆ ಭಾಮೈದ ಫೈಲ್ ತೆಗೆದ, ಬಾಡಿಗೆ ಕರಾರು ನನ್ ಹೆಸರಲ್ಲಿದೆ, ಟ್ರೇಡ್ ಲೈಸೆನ್ಸ್ ನನ್ ಹೆಸರಲ್ಲಿದೆ, ಇಲ್ಲಿರೋ ಒಂದ್ ಚಮಚಾನೂ ಅವ್ರದ್ದಲ್ಲ ಅಂದ. ಎಲ್ಲಾ ಡಿಕ್ರಿ ಆದ್ಮೇಲಿನ ತಾರೀಕಿನವು. ಮಾರನೇ ವಾರ ಅದೇ ಆದೇಶ 21ರ ನಿಯಮ 58ರಲ್ಲಿ ಅವನ ತಕರಾರು ಅರ್ಜಿ ಬಿತ್ತು. ಮೂರನೆಯವರು ಇದು ನಂದು ಅಂತ ಬಂದ್ರೆ ಕೋರ್ಟು ಅದನ್ನ ಪೂರ್ತಿ ವಿಚಾರಣೆ ಮಾಡಿ ತೀರ್ಮಾನ ಮಾಡ್ಬೇಕು, ಸಾಕ್ಷಿ, ಪಾಟಿಸವಾಲು ಎಲ್ಲಾ. ಅಂದ್ರೆ ನನ್ನ ಸಣ್ಣ ಕೇಸಿನ ಹೊಟ್ಟೆಯೊಳಗೆ ಇನ್ನೊಂದು ಕೇಸು ಹುಟ್ಟಿತು, ಅದಕ್ಕೀಗ ಒಂದು ವರ್ಷ ತುಂಬಿದೆ, ಹುಟ್ಟಿದಬ್ಬ ಮಾಡೋದೊಂದು ಬಾಕಿ.

ನೀವು ತಪ್ಪು ತಿಳೀಬೇಡಿ, ಸಾಲಗಾರನ ಮೈಮೇಲಿನ ಬಟ್ಟೆ ಕಿತ್ಕೊಳಿ ಅಂತ ನಾನು ಹೇಳ್ತಿಲ್ಲ. ಸೆಕ್ಷನ್ 60 ಅಂತ ಇದೆ, ಏನೇನು ಮುಟ್ಟಬಾರದು ಅಂತ ಅದರಲ್ಲಿ ಬರೆದಿದಾರೆ. ಉಡೋ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ ಅಂದ್ರೆ ತಾಳಿ ಇಂಥವು, ರೈತನ ಉಳುಮೆ ಸಾಮಾನು, ಜೀವನಕ್ಕೆ ಬೇಕಾದಷ್ಟು ದನ, ಬಿತ್ತನೆ ಬೀಜ, ಕುಶಲಕರ್ಮಿಯ ಹತ್ಯಾರ. ಇದನ್ನ ಓದಿದಾಗ ನಂಗೆ ಖುಷಿ ಆಯ್ತು, ನಾಳೆ ನನ್ ಮೇಲೇ ಡಿಕ್ರಿ ಆದ್ರೂ ನನ್ ವೆಲ್ಡಿಂಗ್ ಮಷಿನ್ ಹೊತ್ಕೊಂಡು ಹೋಗಂಗಿಲ್ಲ ಅನ್ಸುತ್ತೆ. ಕಾನೂನು ಮಾಡಿದವರಿಗೆ ಹೊಟ್ಟೆಪಾಡು ಅಂದ್ರೇನು ಗೊತ್ತಿತ್ತು. ಸಂಬಳದವರಾದ್ರೆ ಮೊದಲ 1,000 ಬಿಟ್ಟು, ಉಳಿದಿದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಹಿಡೀಬಹುದು, 31,000 ಸಂಬಳ ಅಂದ್ರೆ ತಿಂಗಳಿಗೆ 10,000, ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಅಷ್ಟೇ. ಇದೆಲ್ಲಾ ನ್ಯಾಯವಾಗೇ ಇದೆ. ನನ್ ಜೆ.ಡಿ.ಆರ್. ಸಂಬಳದೋನಾಗಿದ್ರೆ ನಾನು ಈ ಪತ್ರ ಬರೀತಿರಲಿಲ್ಲ, ಯಾವಾಗ್ಲೋ ಬಂದಿರೋದು. ಸರ್ಕಾರಿ ಗುಮಾಸ್ತನ ಹತ್ರ ಎರಡು ವರ್ಷದಲ್ಲಿ ವಸೂಲಾಗೋ ದುಡ್ಡು ದಿನಕ್ಕೆ ಸಾವಿರಾರು ರೂಪಾಯಿ ಗಲ್ಲಾ ಎಣಿಸೋನ ಹತ್ರ ವಸೂಲಾಗಲ್ಲ ಅಂದ್ರೆ ಏನರ್ಥ?

ಹಂಗಾದ್ರೆ ಜೈಲಿಗೆ ಹಾಕ್ಸು ಅಂತ ಗೆಳೆಯರು ಹೇಳ್ತಾರೆ. ಸಿವಿಲ್ ಜೈಲು, 5,000ಕ್ಕಿಂತ ಮೇಲಿನ ಡಿಕ್ರಿಗೆ ಹೆಚ್ಚಂದ್ರೆ ಮೂರು ತಿಂಗಳು. ಆದ್ರೆ ಬರೀ ಬಡತನಕ್ಕೆ ಜೈಲಿಗೆ ಹಾಕಂಗಿಲ್ಲ, ಇದ್ದೂ ಕೊಡ್ತಿಲ್ಲ ಅಂತ ನಾವು ತೋರಿಸ್ಬೇಕು, 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅದೂ ಸರಿನೇ. ಮತ್ತೆ ಜೈಲಲ್ಲಿ ಅವನ ಊಟದ ಖರ್ಚನ್ನ ತಿಂಗಳಿಗೆ ಮುಂಗಡವಾಗಿ ಕಟ್ಟೋನು ಯಾರು ಗೊತ್ತಾ, ಡಿಕ್ರಿದಾರ. ಅವನ ದೋಸೆಗೆ ನಾನು ದುಡ್ಡು ಕೊಟ್ಟಿದ್ದಾಯ್ತು, ಇನ್ನು ಮುದ್ದೆಗೂ ಕೊಡಬೇಕು.

ಇನ್ನೊಂದು ದಾರಿ ತೋರಿಸೋರೂ ಇದಾರೆ. ನಾಲ್ಕು ಹುಡುಗ್ರನ್ನ ಕಳಿಸಣ, ಗಲ್ಲಾ ಮುಂದೆ ಒಂದ್ ದಿನ ಕೂತ್ರೆ ಸಾಕು, ನೂರಕ್ಕೆ ಮೂವತ್ತು ನಮ್ಗೆ ಕೊಡು ಅಂತ ಟೀ ಅಂಗಡಿಯಲ್ಲಿ ಒಬ್ಬ ಹೇಳಿದ. ಬೇಡ ಅಂದೆ. 2025ರಲ್ಲಿ ನಿಮ್ಮ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯದ ವಿರುದ್ಧ ಸುಗ್ರೀವಾಜ್ಞೆ ತಂತಲ್ಲ, ಒಳ್ಳೇದೇ ಮಾಡಿದ್ರಿ, ನಮ್ಮ ಓಣಿಯಲ್ಲೇ ಎಷ್ಟೋ ಹೆಣ್ಣುಮಕ್ಕಳು ನಿದ್ದೆ ಮಾಡಿದ್ರು. ಆದ್ರೆ ಬೀದಿ ವಸೂಲಿ ಬಾಗಿಲು ಮುಚ್ಚಿದ್ ಮೇಲೆ ಕೋರ್ಟಿನ ಬಾಗಿಲು ಅಷ್ಟೇ ಸಲೀಸಾಗಿ ತೆರೀಬೇಕಲ್ಲ. ಶಟರ್ ಕೆಲಸದೋನು ನಾನು, ಒಂದನ್ನ ಇಳಿಸಿದಾಗ ಇನ್ನೊಂದನ್ನ ಎತ್ತದಿದ್ರೆ ಒಳಗಿರೋನು ಉಸಿರುಕಟ್ಟಿ ಸಾಯ್ತಾನೆ ಅಂತ ನಂಗೊತ್ತು.

ಇದು ನನ್ನೊಬ್ಬನ ಗೋಳಲ್ಲ. ಈ ದೇಶದಲ್ಲಿ ದಾವೆ ಹಾಕಿದವನ ಕಷ್ಟ ಶುರುವಾಗೋದೇ ಡಿಕ್ರಿ ಸಿಕ್ಕ ಮೇಲೆ ಅಂತ ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೇ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲಿ ಬರೆದಿತ್ತಂತೆ. ನಮ್ಮೂರಲ್ಲಿ ಹತ್ತಿ ಗಿರಣಿಗಳು ಬಂದು, ಓಡಿ, ಬಾಗಿಲು ಹಾಕಿದ್ವು, ಆ ಮಾತು ಮಾತ್ರ ಹಂಗೇ ಇದೆ. 2021ರ ಏಪ್ರಿಲಲ್ಲಿ ರಾಹುಲ್ ಷಾ ಕೇಸಲ್ಲಿ ಸುಪ್ರೀಂ ಕೋರ್ಟು, ಅಮಲ್ಜಾರಿ ಅರ್ಜಿ ಹಾಕಿದ ಆರು ತಿಂಗಳಲ್ಲಿ ಮುಗಿಸಿ, ಆಗದಿದ್ರೆ ಯಾಕಾಗಲಿಲ್ಲ ಅಂತ ಬರೆದಿಡಿ ಅಂತು. ಆ ಕೇಸು ಕೂಡ ಬೆಂಗಳೂರಿನ ಜಮೀನಿಂದೇ. 2025ರ ಮಾರ್ಚಲ್ಲಿ ಪೆರಿಯಮ್ಮಾಳ್ ಕೇಸಲ್ಲಿ ಎಲ್ಲಾ ಹೈಕೋರ್ಟುಗಳೂ ಲೆಕ್ಕ ತರಿಸ್ಕೊಂಡು ಆರು ತಿಂಗಳಲ್ಲಿ ವಿಲೇವಾರಿ ಮಾಡಿಸಿ ಅಂತು. ಅಕ್ಟೋಬರಲ್ಲಿ ಲೆಕ್ಕ ಬಂದಾಗ ದೇಶದಲ್ಲಿ 8 ಲಕ್ಷ 82 ಸಾವಿರಕ್ಕೂ ಮೇಲೆ ಅಮಲ್ಜಾರಿ ಅರ್ಜಿ ಬಾಕಿ. ಅದರಲ್ಲಿ ನಮ್ಮ ಕರ್ನಾಟಕದ್ದು ಎಷ್ಟು ಅಂತ ನೋಡಾಕೆ ಹೋದ್ರೆ ನಮ್ಮ ಹೈಕೋರ್ಟಿನ ಅಂಕಿನೇ ಹೋಗಿರಲಿಲ್ಲ, ಎರಡು ವಾರದಲ್ಲಿ ವಿವರಣೆ ಕೊಡಿ ಅಂತ ಸುಪ್ರೀಂ ಕೋರ್ಟು ಕೇಳ್ತು. ಗೌರವಾನ್ವಿತರೇ, ನನ್ ಅರ್ಜಿ ಆ ಎಣಿಸದೇ ಇದ್ದ ರಾಶಿಯಲ್ಲಿತ್ತು. ಬೇಜಾರಾಯ್ತು.

ಹಂಗಂತ ಹೊಸ ಕಾನೂನು ಮಾಡಿ ಅಂತ ನಾನು ಕೇಳ್ತಿಲ್ಲ, ಇರೋದನ್ನ ನಡೆಸಿ ಅಂತ ಕೇಳ್ತಿದೀನಿ. ಆದೇಶ 21ರ ನಿಯಮ 41 ಅಂತ ಒಂದಿದೆ, ಡಿಕ್ರಿ ದುಡ್ಡು 30 ದಿನ ಬಾಕಿ ಉಳಿದ್ರೆ ಸಾಲಗಾರ ತನ್ನ ಆಸ್ತಿಪಾಸ್ತಿ ಎಲ್ಲಾ ಪ್ರಮಾಣ ಮಾಡಿ ಬರ್ಕೊಡಬೇಕು ಅಂತ ಕೋರ್ಟು ಹೇಳಬಹುದು, ಆ ಆದೇಶ ಮೀರಿದ್ರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಆದ್ರೆ ಅದಕ್ಕೂ ನಾವೇ ಅರ್ಜಿ ಹಾಕ್ಬೇಕು, ನನಗೆ ಅದು ಇದೆ ಅಂತ ಗೊತ್ತಾಗಿದ್ದೇ ಎರಡು ವರ್ಷ ಕಳೆದ ಮೇಲೆ. ಡಿಕ್ರಿ ಬರೆಯೋ ದಿನಾನೇ ಅದರ ಕೊನೇಲಿ ಒಂದು ಸಾಲು ಹಾಕಿಸಿ, ಇಂತಿಷ್ಟು ದಿನದಲ್ಲಿ ದುಡ್ಡು ಕಟ್ಟು, ಇಲ್ಲ ನಿನ್ ಆಸ್ತಿ ಪಟ್ಟಿ ಕೊಡು ಅಂತ. ಹೈಕೋರ್ಟಿಗೆ ನಿಯಮ ತಿದ್ದೋ ಅಧಿಕಾರ ಇದೆ, ಸೆಕ್ಷನ್ 122. ರಾಹುಲ್ ಷಾ ತೀರ್ಪಲ್ಲಿ ಇನ್ನೂ ಮುಂದೆ ಹೋಗಿ, ದುಡ್ಡಿನ ದಾವೆಯಲ್ಲಿ ಡಿಕ್ರಿಗೆ ಮೊದಲೇ ಪ್ರತಿವಾದಿ ಹತ್ರ ಆಸ್ತಿ ವಿವರ ಪ್ರಮಾಣ ಮಾಡಿಸಿ ತಗೋಬಹುದು ಅಂದಿದಾರೆ. ನನ್ ಕೇಸಲ್ಲಿ ಅದು ಆಗಿದ್ರೆ ಭಾಮೈದನ ಫೈಲು ಹುಟ್ಟುತಾನೇ ಇರಲಿಲ್ಲ.

ಮಂತ್ರಿಗಳೇ, ನಿಮ್ಮ ಕೈಯಲ್ಲಿರೋದೂ ಇದೆ. ಅಮೀನರಿಗೆ ಒಂದು ಗಾಡಿ ಕೊಡಿ. ಜಿಲ್ಲೆಗೆ ಒಂದೇ ಇರಲಿ, ವಾರದಲ್ಲಿ ಎರಡು ದಿನ ಜಪ್ತಿ ದಿನ ಅಂತ ಮಾಡಿ, ಅವತ್ತು ಪೊಲೀಸ್ ಒಬ್ರು ಜೊತೆಗಿರಲಿ. ಜಪ್ತಿ ಮಾಡಿದ ಸಾಮಾನು ಇಡಾಕೆ ಒಂದು ಕೋಣೆ ಕೊಡಿ. ಶಟರು ಬೇಕಂದ್ರೆ ನಾನೇ ಮಾಡಿಕೊಡ್ತೀನಿ, ಬಿಲ್ ಮಾತ್ರ ಮುಂಗಡ.

ಓದ್ತಿರೋ ಸಣ್ಣ ಕೆಲಸದವ್ರಿಗೆ, ನನ್ನಂಗೆ ತಡವಾಗಿ ಕಲೀಬೇಡಿ. ಎದುರಿನೋನು ಆಸ್ತಿ ಸಾಗಿಸ್ತಿದಾನೆ ಅಂತ ಗುಮಾನಿ ಬಂದ್ರೆ ಡಿಕ್ರಿ ತನಕ ಕಾಯ್ಬೇಡಿ, ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು, ಆದೇಶ 38 ನಿಯಮ 5, ಬರೀ ಗುಮಾನಿ ಸಾಲಲ್ಲ, ಮಾರ್ತಿರೋದಕ್ಕೆ ಆಧಾರ ಇಟ್ಕೊಂಡು ಕೇಳಿ. ಅವನು ಕೊಟ್ಟ ಹಳೇ ಚೆಕ್ಕಿನ ಫೋಟೋ ಒಂದು ತೆಗೆದಿಟ್ಕೊಳಿ, ಬ್ಯಾಂಕ್ ಹುಡುಕೋ ಪಾಡು ತಪ್ಪುತ್ತೆ, ನಂಗೆ ದೋಸೆ ತಿನ್ನೋದು ತಪ್ಪಿರೋದು. ಡಿಕ್ರಿ 12 ವರ್ಷ ಜೀವಂತ ಇರುತ್ತೆ, ಹಂಗಂತ ಅಮಲ್ಜಾರಿ ಹಾಕಾಕೆ ಎರಡು ವರ್ಷ ದಾಟಿಸ್ಬೇಡಿ, ಆಮೇಲೆ ಮೊದ್ಲು ನೋಟಿಸ್ ಕೊಡಲೇಬೇಕಾಗುತ್ತೆ. ಲೋಕ ಅದಾಲತಲ್ಲಿ ಕಂತಿಗೆ ಒಪ್ಪಿದ್ರೆ ಒಪ್ಕೊಳಿ, ಕೋರ್ಟ್ ಫೀ ವಾಪಸ್ ಬರುತ್ತೆ, ಅದೂ ಡಿಕ್ರಿ ಇದ್ದಂಗೇ, ಕಂತು ತಪ್ಪಿದ್ರೆ ನೇರ ಅಮಲ್ಜಾರಿ.

ಕಡೇದಾಗಿ ಒಂದು. ನಾನು ಶಟರ್ ಕೂರಿಸಿದಾಗ ಲಾಕಿಗೆ ಮೂರು ಕೀ ಬರುತ್ತೆ. ಅವನಿಗೆ ಎರಡು ಕೊಟ್ಟು, ಪೂರ್ತಿ ದುಡ್ಡು ಬಂದಾಗ ಮೂರನೇದು ಕೊಟ್ರಾಯ್ತು ಅಂತ ನನ್ ಹತ್ರಾನೇ ಇಟ್ಕೊಂಡಿದ್ದೆ, ಅದು ಇವತ್ತಿಗೂ ವರ್ಕ್‌ಶಾಪಿನ ಮೊಳೆಗೆ ನೇತಾಡ್ತಿದೆ. ಈ ವಿಷ್ಯ ಹೇಳಿದಾಗ ವಕೀಲ್ರು ಎದ್ದೇ ನಿಂತ್ರು, ಮಾರಾಯ ಅದನ್ನ ತಗೊಂಡು ಆ ಕಡೆ ತಲೆ ಹಾಕ್ಬೇಡ, ನಿನ್ ಮೇಲೇ ಕ್ರಿಮಿನಲ್ ಕೇಸ್ ಆಗುತ್ತೆ ಅಂದ್ರು. ಹಾಕಿಲ್ಲ. ಮುಂದಿನ ತಾರೀಕಿಗೆ ಬೀಗ ತೆಗೆಯೋ ಅರ್ಜಿ ಮೇಲೆ ಆರ್ಡರ್ ಇದೆ. ಆರ್ಡರ್ ಆದ್ರೆ ಬೀಗ ಒಡಿಯೋನನ್ನ ಹುಡುಕ್ಬೇಡಿ, ಕೀ ನಾನೇ ತರ್ತೀನಿ ಅಂತ ಅಮೀನ್ ಸಾಹೇಬ್ರಿಗೆ ಹೇಳಿಟ್ಟಿದೀನಿ.

ಇತಿ,
ದಾವಣಗೆರೆಯ ಒಬ್ಬ ಡಿಕ್ರಿದಾರ